ಹದಿನೇಳನೇ ನಂಬರಿನ ಕೂಸು

೨೧ ಮಾರ್ಚ್ ೧೯೮೫

ಮಗಳೇ,

ನಿನ್ನ ಆರೋಗ್ಯ ಹೇಗಿದೆ ಎಂದು ಕೇಳಿ ಕಾಗದ ಹಾಳು ಮಾಡುವುದಿಲ್ಲ. ನಿನ್ನ ಅಮ್ಮ ಅಲ್ಲಿಗೆ ಬಂದಾಗಿನಿಂದ ದಿನ ಬಿಟ್ಟು ದಿನ ಕಾರ್ಡು ಹಾಕುತ್ತಿದ್ದಾಳೆ. ಕೂಸು ಎಷ್ಟು ಸಲ ಸೀನಿತು ಎಂಬುದೂ ನನಗೆ ಗೊತ್ತು. ಮೆಣಸು ಎಂದು ಕರೆಯುತ್ತೀರಂತೆ. ಅದು ಗಾತ್ರ ನೋಡಿಯೋ, ಗಂಟಲು ಕೇಳಿಯೋ?

ಈಗ ಒಂದು ಗುಟ್ಟು. ನಿಮ್ಮೂರಿನ ಆಸ್ಪತ್ರೆಯಿಂದ ಮಂಗಳವಾರ ನಮ್ಮ ಲ್ಯಾಬಿಗೆ ಡಬ್ಬ ಬಂತು. ಹೆರಿಗೆಗೆ ಮುಂಚೆ ನಾನು ಕೇಳಿಕೊಂಡೆನೆಂದು ನೀನು ಸಹಿ ಹಾಕಿಕೊಟ್ಟೆಯಲ್ಲ, ಆ ಅಧ್ಯಯನದ ಸ್ಲೈಡುಗಳು. ನಮ್ಮ ಗೋಡೆಯ ಮೇಲಿರುವ ಪಟ್ಟಿ ದೊಡ್ಡವರ ರಕ್ತದ್ದು. ಮಕ್ಕಳ ರಕ್ತದಲ್ಲಿ ಯಾವ ವಯಸ್ಸಿಗೆ ಯಾವ ಬಿಳಿ ಕಣ ಎಷ್ಟಿರಬೇಕು ಎಂದು ನಮ್ಮದೇ ಮಕ್ಕಳನ್ನು ನೋಡಿ ಒಂದು ಪಟ್ಟಿ ಮಾಡಬೇಕು ಅಂತ ದೊಡ್ಡ ಡಾಕ್ಟರಮ್ಮ ಹಟ ಹಿಡಿದಿದ್ದಾರೆ. ಹುಟ್ಟಿದ ದಿನದಿಂದ ಆರು ವರ್ಷ ತುಂಬುವವರೆಗೆ ಆರೋಗ್ಯವಾಗಿರುವ ನೂರಾರು ಮಕ್ಕಳ ರಕ್ತ ಬರುತ್ತದೆ, ಎಣಿಸುವವನು ನಾನು.

ಸ್ಲೈಡಿನ ಮೇಲೆ ಊರು, ನಂಬರು, ವಯಸ್ಸು ಮಾತ್ರ. ಯಾವ ಮಗು ಎಂದು ಎಣಿಸುವವನಿಗೆ ತಿಳಿಯಬಾರದು, ಅದು ಡಾಕ್ಟರಮ್ಮನ ಕಟ್ಟಪ್ಪಣೆ. ಆದರೆ ಮೂವತ್ತು ವರ್ಷ ಈ ಕಣ್ಣು ಸುಮ್ಮನೆ ಸವೆದಿಲ್ಲ. ಮೆಣಸು ಹುಟ್ಟಿದ ವಾರ ನಿಮ್ಮೂರಿನಿಂದ ಸೇರಿದ್ದು ಎರಡೇ ಕೂಸು, ಹದಿನೇಳು ಮತ್ತು ಹದಿನೆಂಟು. ಎರಡೂ ಹೆಣ್ಣು. ಅದು ಹೇಗೆ ಗೊತ್ತಾಯಿತು ಅಂದರೆ, ಹೆಣ್ಣುಮಕ್ಕಳ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಕೆಲವಕ್ಕೆ ಒಳಗಿನ ಬೀಜಕ್ಕೆ ಒಂದು ಪುಟ್ಟ ಗುಂಡು ಅಂಟಿಕೊಂಡಿರುತ್ತದೆ, ಕಿವಿಯ ಓಲೆಯ ಹಾಗೆ. ಮೊದಲ ದಿನದ ಸ್ಲೈಡು ಇಬ್ಬರದೂ ಬಂದಿತ್ತು. ಏಳನೇ ದಿನದ್ದು ಹದಿನೇಳರದು ಮಾತ್ರ ಬಂತು. ಹದಿನೆಂಟರ ಮುಂದೆ 'ಬಿಟ್ಟಿದ್ದಾರೆ' ಎಂದು ಗೀಟು ಎಳೆದಿದ್ದಾರೆ. ಯಾರೋ ಪುಕ್ಕಲು ತಾಯಿ, ಕೂಸಿನ ಹಿಮ್ಮಡಿಗೆ ಒಂದು ಸೂಜಿ ತಾಗಿದ್ದಕ್ಕೇ ಕಾಲಿಗೆ ಬುದ್ಧಿ ಹೇಳಿದ್ದಾಳೆ. ನೀನು ನನ್ನ ಮಗಳು, ಹಾಗೆ ಮಾಡುವವಳಲ್ಲ. ಅಲ್ಲಿಗೆ ಪ್ರಶ್ನೆ ಬಗೆಹರಿಯಿತು, ಹದಿನೇಳು ನಮ್ಮ ಮೆಣಸು.

ಮೊದಲ ದಿನ ಅವಳ ರಕ್ತದಲ್ಲಿ ನೂರಕ್ಕೆ ಅರವತ್ತನಾಲ್ಕು ನ್ಯೂಟ್ರೋಫಿಲ್. ಹೊರಗಿನಿಂದ ಏನು ಬಂದರೂ ಮೊದಲು ಎದುರು ಹೋಗಿ ಜಗಳಕ್ಕೆ ಬೀಳುವವು ಇವೇ. ಲಿಂಫೋಸೈಟ್ ಇಪ್ಪತ್ತೆಂಟು. ಅವು ನಿಧಾನದವು, ಶತ್ರುವಿನ ಮುಖ ಕಲಿತು ನೆನಪಿಟ್ಟುಕೊಳ್ಳುವವು. ಏಳನೇ ದಿನಕ್ಕೆ ಎರಡೂ ಸಮಸಮ. ಇನ್ನು ಮೇಲೆ ಕಲಿಯುವ ಕಣಗಳದೇ ದೊಡ್ಡ ಗುಂಪು. ಎಲ್ಲ ಕೂಸುಗಳಲ್ಲೂ ಹೀಗೆಯೇ ಆಗುತ್ತದೆ, ಆದರೂ ನನ್ನ ಮೊಮ್ಮಗಳಲ್ಲಿ ಆದದ್ದು ನೋಡಿ ನನಗೆ ಬಹಳ ಸಂತೋಷವಾಯಿತು. ಉಳಿದವರಿಗೆ ನೂರು ಕಣ ಎಣಿಸಿದೆ, ಅವಳಿಗೆ ಮುನ್ನೂರು.

ನಿನ್ನ ಅಪ್ಪ

೯ ಏಪ್ರಿಲ್ ೧೯೮೫

ಅಪ್ಪ,

ನಿಮ್ಮ ಕಾಗದವನ್ನು ಅಮ್ಮ ಗಟ್ಟಿಯಾಗಿ ಓದಿದಳು. ಪುಕ್ಕಲು ತಾಯಿಯ ಹತ್ತಿರ ಬಂದಾಗ ಅವಳಿಗೆ ಎಲ್ಲಿಲ್ಲದ ಕೆಮ್ಮು ಬಂತು. ಮುಂದಿನದನ್ನು ನಾನೇ ಓದಿಕೊಂಡೆ.

ಆ ತಾಯಿಯನ್ನು ಅಷ್ಟು ಬೈಯಬೇಡಿ. ಅವಳ ಮನಸ್ಸಿನಲ್ಲಿ ಏನಿತ್ತೋ ಯಾರಿಗೆ ಗೊತ್ತು.

ನಾಲ್ಕು ಪುಟದ ಕಾಗದ. ನಾನು ಹನ್ನೊಂದು ವರ್ಷದವಳಾಗಿದ್ದಾಗಿನಿಂದ ನೀವು ನನ್ನ ಜೊತೆ ಇಷ್ಟು ಮಾತಾಡಿದ ನೆನಪಿಲ್ಲ. ತಮ್ಮ ತೀರಿಹೋದ ವರ್ಷ ನಮ್ಮ ಮನೆಯಿಂದ ಮಾತೂ ಹೊರಟುಹೋಗಿತ್ತು. ಊಟಕ್ಕೆ ಕೂತರೆ ತಟ್ಟೆಯ ಸದ್ದು, ಎದ್ದರೆ ಬಾಗಿಲಿನ ಸದ್ದು. ಈ ನಾಲ್ಕು ಪುಟಗಳನ್ನು ನಾನು ಎಷ್ಟು ಸಲ ಓದಿದೆನೆಂದು ಹೇಳಿದರೆ ನಿಮಗೆ ನಗು ಬರುತ್ತದೆ.

ಇನ್ನೊಂದು ವಿಷಯ ಬರೆಯಬೇಕೆಂದು ಕೂತಿದ್ದೆ. ಅಷ್ಟರಲ್ಲಿ ಕೂಸು ಎದ್ದಳು. ಇನ್ನೊಮ್ಮೆ ಬರೆಯುತ್ತೇನೆ.

ಮೆಣಸು ಅನ್ನುವುದು ಗಂಟಲು ಕೇಳಿ ಇಟ್ಟದ್ದು.

ನಿಮ್ಮ ಮಗಳು

೧೯ ಸೆಪ್ಟೆಂಬರ್ ೧೯೮೫

ಮಗಳೇ,

ಆರು ತಿಂಗಳ ಸ್ಲೈಡು ಬಂತು. ಲಿಂಫೋಸೈಟ್ ಅರವತ್ತನಾಲ್ಕು, ನ್ಯೂಟ್ರೋಫಿಲ್ ಇಪ್ಪತ್ತೇಳು. ಹುಟ್ಟಿದ ದಿನದ ಲೆಕ್ಕ ತಲೆಕೆಳಗಾಗಿದೆ. ಯಾರಾದರೂ ನಿನಗೆ ಈ ಸಂಖ್ಯೆ ತೋರಿಸಿ ಹೆದರಿಸಿದರೆ ನಂಬಬೇಡ. ಹೊಸದಾಗಿ ಸೇರಿದ ಹುಡುಗಿ ಇದನ್ನು ದೊಡ್ಡವರ ಪಟ್ಟಿಗೆ ಹೋಲಿಸಿ ಕೆಂಪು ಗುರುತು ಹಾಕಿದ್ದಳು. ನಾನು ಅವಳಿಗೆ, "ಅಮ್ಮಾ, ನನ್ನ ಮಗಳು ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೇಲಿ ಬಟ್ಟೆ ಕತ್ತರಿಸ್ತಾಳೆ. ಮೇಷ್ಟ್ರ ಅಂಗಿ ಅಳತೆ ಇಟ್ಕೊಂಡು ಒಂದನೇ ಕ್ಲಾಸಿನ ಮಗೂಗೆ ಕತ್ತರಿಸಿದ್ರೆ ಅವಳನ್ನ ಕೆಲಸದಲ್ಲಿ ಇಟ್ಕೊಳ್ತಾರಾ?" ಅಂದೆ. ಪಾಪ, ನಾಲಿಗೆ ಕಚ್ಚಿಕೊಂಡಳು.

ಈ ವಯಸ್ಸಿನ ಮಗುವಿಗೆ ಎಲ್ಲವೂ ಹೊಸ ಮುಖ. ನೆಲ ನೆಕ್ಕುತ್ತದೆ, ಬೆರಳು ಚೀಪುತ್ತದೆ, ಪಕ್ಕದ ಮನೆಯವರ ನೆಗಡಿ ತಂದುಕೊಳ್ಳುತ್ತದೆ. ಕಲಿಯುವುದು ಅಷ್ಟಿರುವಾಗ ಕಲಿಯುವವರೂ ಅಷ್ಟು ಬೇಕು. ನಾಲ್ಕೈದು ವರ್ಷದ ಹೊತ್ತಿಗೆ ನಕ್ಷೆಯಲ್ಲಿ ಈ ಎರಡು ಕಣಗಳ ಗೆರೆಗಳೂ ಮತ್ತೆ ಒಂದನ್ನೊಂದು ದಾಟುತ್ತವೆ, ಆಮೇಲೆ ನಮ್ಮ ನಿಮ್ಮ ಹಾಗೆಯೇ.

ಅವಳು ಮಗುಚಿಕೊಳ್ಳುತ್ತಾಳೆಯೇ? ಎಡಕ್ಕೋ, ಬಲಕ್ಕೋ?

ನಿನ್ನ ಅಪ್ಪ

೬ ಮಾರ್ಚ್ ೧೯೮೬

ಅಪ್ಪ,

ಮೆಣಸಿಗೆ ಒಂದು ವರ್ಷ ತುಂಬಿತು. ಹಿಡಿದುಕೊಳ್ಳಲು ಏನಾದರೂ ಸಿಕ್ಕರೆ ನಿಲ್ಲುತ್ತಾಳೆ. ಸಿಕ್ಕಿದ್ದು ಹೆಚ್ಚಾಗಿ ನಿಮ್ಮ ಅಳಿಯನ ಕೂದಲು. ಬಸ್ಸಿನ ಡ್ಯೂಟಿ ಮುಗಿಸಿ ಬಂದು ಅವರು ನೆಲದ ಮೇಲೆ ಉದ್ದಕ್ಕೆ ಮಲಗುತ್ತಾರೆ, ಇವಳು ಅವರ ತಲೆ ಹಿಡಿದು ಎದ್ದು ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ.

ಅಮ್ಮ ಈ ತಿಂಗಳು ಬರುತ್ತಾಳಂತೆ. ನೀವೂ ಬನ್ನಿ. ಎಂಟು ಗಂಟೆಯ ರೈಲು ಪ್ರಯಾಣ, ಅಷ್ಟೆ. ಅಳತೆ, ಸಂಖ್ಯೆ ಎಲ್ಲ ಒಂದು ಕಡೆ ಇರಲಿ, ಅವಳ ಕೆನ್ನೆ ಸ್ಲೈಡಿನ ಮೇಲೆ ಕಾಣುವುದಿಲ್ಲ.

ನಿಮ್ಮ ಮಗಳು

೨ ಏಪ್ರಿಲ್ ೧೯೮೬

ಮಗಳೇ,

ಬರಬೇಕೆಂದೇ ಇದ್ದೆ. ಆದರೆ ರಜೆ ಕೇಳುವ ಹೊತ್ತಿಗೆ ಮೂರು ಊರಿನ ಡಬ್ಬ ಒಟ್ಟಿಗೆ ಬಂತು. ಮೊಣಕಾಲು ಬೇರೆ ಹಟ ಮಾಡುತ್ತಿದೆ. ಅಮ್ಮನನ್ನು ಕಳಿಸಿದ್ದೇನೆ, ಮಾತಿನಲ್ಲಿ ಅವಳು ಇಬ್ಬರಿಗೆ ಸಮ.

ಒಂದು ವರ್ಷದ ಸ್ಲೈಡಿನಲ್ಲಿ ಕೆಲವು ಲಿಂಫೋಸೈಟುಗಳು ಊದಿಕೊಂಡು ಅಂಚು ನೀಲಿಯಾಗಿವೆ. ಹೊಸ ಸೋಂಕೊಂದನ್ನು ಕಲಿಯುವಾಗ ಹಾಗಾಗುತ್ತವೆ. ರಕ್ತ ಕೊಟ್ಟ ಹೊತ್ತಿಗೆ ಅವಳಿಗೆ ಜ್ವರ ಬಂದು ಬಿಟ್ಟಿತ್ತೇ? ಮೈಮೇಲೆ ಎಲ್ಲಾದರೂ ನೀಲಿ ಕಲೆ ಇದೆಯೇ? ವಸಡಿನಲ್ಲಿ ರಕ್ತ? ಸುಮ್ಮನೆ ಕೇಳುತ್ತಿದ್ದೇನೆ, ಗಾಬರಿಯಾಗಬೇಡ. ಆದರೆ ಕಾಗದ ಮುಟ್ಟಿದ ದಿನವೇ ಉತ್ತರ ಬರೆ.

ನಿನ್ನ ಅಪ್ಪ

೧೦ ಏಪ್ರಿಲ್ ೧೯೮೬

ಅಪ್ಪ,

ಕಲೆ ಇಲ್ಲ. ರಕ್ತ ಇಲ್ಲ. ನೆಗಡಿ ಬಂದಿತ್ತು, ಹೋಯಿತು. ಮೆಣಸು ಗುಂಡುಕಲ್ಲಿನ ಹಾಗಿದ್ದಾಳೆ. ನೀವು ನಿದ್ದೆ ಮಾಡಿ.

ನಿಮ್ಮ ಮಗಳು

೧೫ ಜನವರಿ ೧೯೮೮

ಅಪ್ಪ,

ಈ ಕಾಗದ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಮೆಣಸಿಗೆ ಮೂರು ವರ್ಷ ತುಂಬುತ್ತಾ ಬಂತು. ಮೂರು ವರ್ಷದಲ್ಲಿ ನಿಮ್ಮಿಂದ ಹನ್ನೆರಡು ಕಾಗದ ಬಂದಿವೆ. ಹನ್ನೆರಡರಲ್ಲೂ ಲಿಂಫೋಸೈಟ್. ಮೊಣಕಾಲು, ರಜೆ, ಡಬ್ಬ, ಆಮೇಲೆ ಮತ್ತೆ ಮೊಣಕಾಲು. ಮೊನ್ನೆ ಇವಳು, ಇಲ್ಲಿಗೆ ಬಂದಿರುವ ಅಮ್ಮನನ್ನು, "ತಾತ ಯಾಕೆ ಬರಲ್ಲ? ತಾತಂಗೆ ನಾನು ಇಷ್ಟ ಇಲ್ವಾ?" ಅಂತ ಕೇಳಿದಳು. ಅಮ್ಮ ಎದ್ದು ಒಳಗೆ ಹೋದಳು. ನಾನು ಏನು ಹೇಳಲಿ? ತಾತನಿಗೆ ನಿನ್ನ ರಕ್ತ ಇಷ್ಟ, ನೀನು ಅಲ್ಲ ಅಂತಲೇ?

ನನ್ನ ಮೇಲೆ ಏನಾದರೂ ಸಿಟ್ಟಿದ್ದರೆ ನೇರವಾಗಿ ಹೇಳಿ. ಹನ್ನೊಂದು ವರ್ಷದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಏನೋ ಅಂದಿದ್ದೆ. ಅದನ್ನು ನೀವು ಇನ್ನೂ ಮರೆತಿಲ್ಲ ಅನ್ನಿಸುತ್ತದೆ.

ನಿಮ್ಮ ಮಗಳು

೧೧ ಮಾರ್ಚ್ ೧೯೮೯

ಮಗಳೇ,

ಒಂದು ವರ್ಷದ ಮೇಲಾಯಿತು. ಅಮ್ಮನ ಬಾಯಲ್ಲಿ ನಿಮ್ಮ ಸುದ್ದಿ ಕೇಳುತ್ತಲೇ ಇದ್ದೆ. ನಿನ್ನ ಕಾಗದಕ್ಕೆ ಉತ್ತರ ಐದಾರು ಸಲ ಬರೆದೆ, ಐದಾರು ಸಲ ಹರಿದೆ.

ನಿನ್ನ ಮೇಲೆ ನನಗೆ ಸಿಟ್ಟು ಇಲ್ಲ. ಎಂದೂ ಇರಲಿಲ್ಲ. ಮೆಟ್ಟಿಲ ಮೇಲೆ ನೀನು, "ಅಷ್ಟು ದೊಡ್ಡ ಮೈಕ್ರೋಸ್ಕೋಪಲ್ಲಿ ನೋಡ್ತೀಯ, ನಿಂಗೆ ಕಾಣಿಸ್ಲಿಲ್ವಾ?" ಅಂದೆ. ಮಗು ಕೇಳಬೇಕಾದ್ದನ್ನೇ ಕೇಳಿದೆ.

ನಾಲ್ಕನೇ ವರ್ಷದ ಸ್ಲೈಡು ನೋಡಿದೆ. ನ್ಯೂಟ್ರೋಫಿಲ್ ನಲವತ್ತೊಂದು, ಲಿಂಫೋಸೈಟ್ ನಲವತ್ತೊಂಬತ್ತು. ಗೆರೆಗಳು ಹತ್ತಿರ ಬರುತ್ತಿವೆ. ಮೇಲಿನ ಮಹಡಿಗೆ ಹೊಸ ಯಂತ್ರ ಬಂದಿದೆ, ನನ್ನ ಕಣ್ಣಿಗೆ ಒಂದೇ ಥರ ಕಾಣುವ ಲಿಂಫೋಸೈಟುಗಳನ್ನು ಅದು ಬೇರೆ ಬೇರೆ ಮಾಡಿ ತೋರಿಸುತ್ತದೆ. ಹುಟ್ಟಿದ ಕೂಸಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಇನ್ನೂ ಏನೂ ಕಾಣದ ಹಸಿ ಕಣಗಳು. ಒಂದೊಂದು ಕಾಯಿಲೆ ದಾಟಿದ ಹಾಗೆ ನೆನಪಿರುವ ಕಣಗಳ ಪಾಲು ಏರುತ್ತದೆ. ಹದಿನೇಳರದು ನಾಲ್ಕು ವರ್ಷಕ್ಕೆ ಚೆನ್ನಾಗಿ ಏರಿದೆ ಎಂದು ಆ ಯಂತ್ರದ ಹುಡುಗಿ ಹೇಳಿದಳು. ನಾನು ಏನೂ ಗೊತ್ತಿಲ್ಲದವನ ಹಾಗೆ ತಲೆಯಾಡಿಸಿ ಕೆಳಗೆ ಬಂದು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಮತ್ತೆ ರಕ್ತದ ಮಾತೇ ಬಂತು, ಕ್ಷಮಿಸು. ನನಗೆ ಅವಳ ಬಗ್ಗೆ ಮಾತಾಡಲು ಬರುವ ಭಾಷೆ ಇದೊಂದೇ. ತಾತನಿಗೆ ನೀನು ಬಹಳ ಇಷ್ಟ ಅಂತ ಅವಳಿಗೆ ಹೇಳು. ಇನ್ನೊಂದು ವರ್ಷ ಕೊಡು ನನಗೆ.

ನಿನ್ನ ಅಪ್ಪ

೧೪ ಮಾರ್ಚ್ ೧೯೯೦

ಮಗಳೇ,

ದಾಟಿದಳು.

ಐದನೇ ವರ್ಷದ ಸ್ಲೈಡು ಇವತ್ತು ಬೆಳಗ್ಗೆ ಬಂತು. ನ್ಯೂಟ್ರೋಫಿಲ್ ಐವತ್ತೆರಡು, ಲಿಂಫೋಸೈಟ್ ಮೂವತ್ತೊಂಬತ್ತು. ನಂಬಲಾಗದೆ ಮೂರು ಸಲ ಎಣಿಸಿದೆ. ಪಕ್ಕದವರು, "ಏನ್ ಸಾರ್, ಯಾಕೆ ಕಣ್ಣು ಒರೆಸ್ಕೋತಿದೀರಾ?" ಅಂದರು. ಸ್ಲೈಡಿಗೆ ಹಾಕುವ ಬಣ್ಣದ ಘಾಟು ಅಂದೆ.

ಈಗ ಹೇಳುತ್ತೇನೆ. ಮೊಣಕಾಲಿಗೆ ಏನೂ ಆಗಿಲ್ಲ. ನಿನ್ನ ತಮ್ಮ ಹೋದಾಗ ಅವನಿಗೆ ಮೂರೂವರೆ. ಅವನ ಗೆರೆಗಳು ಎರಡನೇ ಸಲ ದಾಟಲೇ ಇಲ್ಲ. ಆವತ್ತಿನಿಂದ ನಾನು ಯಾರ ಮಗುವನ್ನೂ ಎತ್ತಿಕೊಂಡಿಲ್ಲ, ನೀನೂ ನೋಡಿದ್ದೀಯ. ಮೆಣಸು ಹುಟ್ಟಿದಾಗ ಒಳಗೊಳಗೇ ಒಂದು ನಿಶ್ಚಯ ಮಾಡಿಕೊಂಡೆ, ಅವಳು ದಾಟಿದ ದಿನ ಹೋಗಿ ನೋಡುತ್ತೇನೆ, ಅಲ್ಲಿಯವರೆಗೆ ಇಲ್ಲ. ಇದು ಹುಚ್ಚು ಎಂದು ನನಗೂ ಗೊತ್ತು. ಗೆರೆ ದಾಟಿದ ಮಗುವಿಗೆ ರೋಗ ಬರುವುದಿಲ್ಲ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಕಣ್ಣ ಮುಂದೆ ಸಂಖ್ಯೆ ಇಲ್ಲದೆ ಇನ್ನೊಂದು ಮಗುವನ್ನು ಪ್ರೀತಿಸುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ರಜೆ ಬರೆದುಕೊಟ್ಟಿದ್ದೇನೆ. ಏಪ್ರಿಲ್ ಹನ್ನೆರಡು, ಗುರುವಾರದ ರೈಲು. ಈ ಐದು ವರ್ಷ ನನ್ನನ್ನು ಬದುಕಿಸಿದ್ದು ಆ ಸ್ಲೈಡುಗಳೇ. ಆವತ್ತು ಸಹಿ ಹಾಕಿದ ನಿನ್ನ ಕೈ ತಣ್ಣಗಿರಲಿ.

ನಿನ್ನ ಅಪ್ಪ

೨೨ ಮಾರ್ಚ್ ೧೯೯೦

ಅಪ್ಪ,

ಈ ಕಾಗದವನ್ನು ಕೂತುಕೊಂಡು ಓದು. ಅಮ್ಮ ಪಕ್ಕದಲ್ಲಿರಲಿ.

ಹದಿನೇಳು ನಮ್ಮ ಮೆಣಸು ಅಲ್ಲ. ಹದಿನೆಂಟು ಮೆಣಸು. ಆ ಪುಕ್ಕಲು ತಾಯಿ ನಾನು.

ಮೊದಲ ದಿನ ನರ್ಸು ಹಿಮ್ಮಡಿಗೆ ಚುಚ್ಚಿದಾಗ ಅವಳು ಅತ್ತಳು. ಅದನ್ನು ತಡೆದುಕೊಂಡೆ. ಆದರೆ ಆ ಗಾಜಿನ ಮೇಲೆ ರಕ್ತ ಎಳೆದು ಒಣಗಲು ಇಟ್ಟರಲ್ಲ, ಅದನ್ನು ನೋಡಿದ್ದೇ ತಡ, ನನಗೆ ನಿನ್ನ ಬೆನ್ನು ಕಾಣಿಸಿತು. ತಮ್ಮನ ಸ್ಲೈಡಿನ ಮೇಲೆ ಬಾಗಿದ ಬೆನ್ನು. ಆವತ್ತು ನಾನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ನೀನು ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಎದ್ದು ಬಂದು ಅಮ್ಮನಿಗೆ, "ಏನಿಲ್ಲ ಕಣೇ, ಈ ವಯಸ್ಸಲ್ಲಿ ಲಿಂಫೋಸೈಟ್ ಜಾಸ್ತಿ ಇರುತ್ತೆ, ಮಕ್ಕಳಿಗೆ ಹೀಗೇನೆ" ಅಂದೆ. ಎರಡು ದಿನ ನಾವು ನಂಬಿದೆವು. ನಿನ್ನ ಕಣ್ಣು ತಪ್ಪಿತು ಅಂತ ಹನ್ನೊಂದು ವರ್ಷದವಳು ತೀರ್ಮಾನ ಮಾಡಿದಳು. ನನ್ನ ಮಗುವಿನ ರಕ್ತವೂ ಆ ಕಣ್ಣಿನ ಕೆಳಗೆ ಹೋಗುವುದು ನನಗೆ ಬೇಡವಾಯಿತು. ನಿನ್ನ ಮೇಲೆ ನಂಬಿಕೆ ಇಲ್ಲದೆಯೋ, ನಿನ್ನನ್ನು ಮತ್ತೆ ಆ ಕುರ್ಚಿಯಲ್ಲಿ ಕೂರಿಸಲಾಗದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮಾರನೆಯ ದಿನವೇ ಹೆಸರು ತೆಗೆಸಿದೆ.

ಹೇಳಬೇಕೆಂದು ಕೂತೆ, ನಿಜವಾಗಿ ಕೂತೆ. ಅಷ್ಟರಲ್ಲಿ ನಿನ್ನ ನಾಲ್ಕು ಪುಟ ಬಂತು. ನನ್ನ ಅಪ್ಪ ನನ್ನ ಜೊತೆ ಮತ್ತೆ ಮಾತಾಡುತ್ತಿದ್ದ. ಹೇಳಿದರೆ ಮಾತು ನಿಂತುಹೋಗುತ್ತದೆ ಅಂತ ಹೆದರಿಕೆಯಾಯಿತು. ಒಂದು ಕಾಗದ ದಾಟಿದ ಮೇಲೆ ಇನ್ನೊಂದು ಕಷ್ಟವಾಯಿತು. ನೀನು ಮೆಣಸಿನದೆಂದು ಎಣಿಸಿದ ಒಂದೊಂದು ಕಣಕ್ಕೂ ನಾನು ಸುಳ್ಳು ಹೇಳಿದ್ದೇನೆ. ನನ್ನ ಪುಕ್ಕಲುತನಕ್ಕೆ ಕ್ಷಮೆ ಕೇಳುವುದಿಲ್ಲ, ಸುಳ್ಳಿಗೆ ಕೇಳುತ್ತೇನೆ.

ಮೆಣಸಿನ ರಕ್ತ ದಾಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರೂ ನೋಡಿಲ್ಲ. ಅವಳು ಓಡುತ್ತಾಳೆ, ಬೀಳುತ್ತಾಳೆ, ಮೂರನೇ ಹಲ್ಲು ಅಲ್ಲಾಡುತ್ತಿದೆ ಎಂದು ಸುಳ್ಳು ಹೇಳಿ ಬಿಸ್ಕತ್ತು ಕೇಳುತ್ತಾಳೆ. ನನಗೆ ಗೊತ್ತಿರುವುದು ಇಷ್ಟೇ. ಬರಬೇಕೋ ಬೇಡವೋ ನೀನೇ ನಿರ್ಧರಿಸು. ನೀನು ಬರದಿದ್ದರೆ ಈ ಸಲ ನಾನು ಸಿಟ್ಟಾಗುವುದಿಲ್ಲ.

ನಿನ್ನ ಮಗಳು

೪ ಏಪ್ರಿಲ್ ೧೯೯೦

ಮಗಳೇ,

ಎರಡು ದಿನ ನಿನ್ನ ಕಾಗದವನ್ನೇ ಮತ್ತೆ ಮತ್ತೆ ಓದಿದೆ. ಮೂರನೇ ದಿನ ನಿನ್ನ ಅಮ್ಮನನ್ನು, "ನಿಂಗೆ ಗೊತ್ತಿತ್ತಾ?" ಅಂತ ಕೇಳಿದೆ. "ಮೊದಲನೇ ದಿನದಿಂದ" ಅಂದಳು, ಪಾತ್ರೆ ಒರೆಸುತ್ತಾ. ನಿನ್ನ ಸುಳ್ಳು ದೊಡ್ಡದೇ, ಒಪ್ಪಿದೆ. ಆದರೆ ನಿನ್ನ ಅಮ್ಮ ಐದು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು ಎಂಬುದನ್ನು ನಾನು ಇನ್ನೂ ಅರಗಿಸಿಕೊಳ್ಳುತ್ತಿದ್ದೇನೆ.

ಆಮೇಲೆ ಡಾಕ್ಟರಮ್ಮನ ಕೋಣೆಗೆ ಹೋಗಿ, ನಂಬರು ಗುರುತು ಹಿಡಿದಿದ್ದೇನೆ ಎಂದು ಒಪ್ಪಿಕೊಂಡೆ. ಕೆಲಸ ಹೋದರೂ ಹೋಗಲಿ ಅನ್ನಿಸಿತ್ತು. ಅವರು ಕನ್ನಡಕ ತೆಗೆದಿಟ್ಟು ಎಲ್ಲ ಕೇಳಿಸಿಕೊಂಡರು. "ಅಂದ್ರೆ ನೀವು ಗುರುತು ಹಿಡಿದಿದ್ದೇ ತಪ್ಪು. ಯಾರ ಮಗು ಅಂತ ನಿಮಗೆ ಇವತ್ತಿಗೂ ಗೊತ್ತಿಲ್ಲ. ಆದ್ರೂ ಹದಿನೇಳರ ಹಳೇ ಸ್ಲೈಡ್ ಎಲ್ಲಾ ಇನ್ನೊಬ್ಬರ ಕೈಲಿ ಮತ್ತೆ ಎಣಿಸ್ತೀನಿ. ಇನ್ಮೇಲೆ ನಿಮ್ಮ ಮಗಳ ಊರಿನ ಡಬ್ಬ ನೀವು ಮುಟ್ಟೋ ಹಾಗಿಲ್ಲ" ಅಂದರು. ಬಾಗಿಲ ತನಕ ಬಂದ ಮೇಲೆ, "ರಜೆ ಮಂಜೂರಾಗಿದೆ, ಹೋಗಿ ಬನ್ನಿ" ಎಂದರು.

ಹದಿನೇಳು ಯಾರ ಮಗುವೋ. ನಿಮ್ಮ ಬೀದಿಯಲ್ಲೇ ಓಡಾಡುತ್ತಿರಬಹುದು. ಐದು ವರ್ಷ ನಾನು ಅವಳ ತಾತನಾಗಿದ್ದೆ, ಅವಳಿಗೆ ತಿಳಿಯದ ಹಾಗೆ. ಆ ಪ್ರೀತಿಯನ್ನು ವಾಪಸ್ಸು ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವಳು ಚೆನ್ನಾಗಿರಲಿ.

ಇನ್ನು ನಿನ್ನ ತಮ್ಮನ ವಿಷಯ. ನನ್ನ ಕಣ್ಣು ತಪ್ಪಲಿಲ್ಲ, ಮಗಳೇ. ಆವತ್ತು ಡ್ಯೂಟಿಯಲ್ಲಿ ನಾನೊಬ್ಬನೇ ಇದ್ದೆ. ಸ್ಲೈಡು ಇಟ್ಟ ಕೂಡಲೇ ಕಾಣಿಸಿತು. ಅವು ಲಿಂಫೋಸೈಟುಗಳಲ್ಲ, ರಕ್ತದ ಕ್ಯಾನ್ಸರಿನ ಕಣಗಳು ಎಂದು ಯಾವ ಹೊಸ ಹುಡುಗನಿಗೂ ತಿಳಿಯುತ್ತಿತ್ತು. ವರದಿಯನ್ನು ಸರಿಯಾಗಿಯೇ ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ, ಅವರು ಊರಿನಿಂದ ಬರಲು ಇನ್ನೂ ಎರಡು ದಿನವಿತ್ತು. ಹೊರಗೆ ಬಂದರೆ ನಿನ್ನ ಅಮ್ಮ ಅವನ ಹೊಟ್ಟೆಗೆ ಮುಖ ಒತ್ತಿ ಕಚಗುಳಿ ಇಡುತ್ತಿದ್ದಳು. ಅವನು ಬಿದ್ದು ಬಿದ್ದು ನಗುತ್ತಿದ್ದ. ಎರಡು ದಿನ ಹೀಗೇ ಇರಲಿ ಅನ್ನಿಸಿತು. 'ಈ ವಯಸ್ಸಲ್ಲಿ ಹೀಗೇನೆ' ಅಂದೆ. ಮಾತು ನಿಂತುಹೋಗುತ್ತದೆ ಎಂದು ನೀನು ಹೆದರಿದೆ, ನಗು ನಿಂತುಹೋಗುತ್ತದೆ ಎಂದು ನಾನು ಹೆದರಿದ್ದೆ. ನಿನಗೆ ಈ ಗುಣ ಎಲ್ಲಿಂದ ಬಂತೆಂದು ಹುಡುಕುವ ಕಷ್ಟ ಬೇಡ.

ಇದನ್ನು ಇಪ್ಪತ್ತು ವರ್ಷ ನಿನಗೆ ಹೇಳಲಾಗಲಿಲ್ಲ. ನಿನ್ನದು ಐದೇ ವರ್ಷ. ನನಗಿಂತ ನೀನು ಧೈರ್ಯವಂತೆ.

ನಿನಗೆ ಒಂದು ಸಾಲು ಬರೆದಿದ್ದೆ, ನಾನು ಬರುವ ಮುಂಚೆ ಮೆಣಸಿನ ಬೆರಳಿನಿಂದ ಒಂದು ಹನಿ ತೆಗೆಸಿ ಕಳಿಸು ಅಂತ. ಮೇಲೆ ಹೊಡೆದು ಹಾಕಿದ್ದೇನೆ, ಬೆಳಕಿಗೆ ಹಿಡಿದರೆ ನಿನಗೆ ಕಾಣುತ್ತದೆ. ಬೇಡ. ಕಳಿಸಬೇಡ.

ರೈಲು ಗುರುವಾರ ಸಂಜೆ ನಾಲ್ಕೂವರೆಗೆ ನಿಮ್ಮೂರು ಮುಟ್ಟುತ್ತದೆ. ಅಮ್ಮನೂ ಬರುತ್ತಾಳೆ. ಮೆಣಸನ್ನು ಸ್ಟೇಷನ್ನಿಗೆ ಕರೆದುಕೊಂಡು ಬಾ. ಅವಳ ರಕ್ತ ದಾಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಭಯವೂ ಹೋಗಿಲ್ಲ. ಏನೂ ಗೊತ್ತಿಲ್ಲದೆಯೇ ಎತ್ತಿಕೊಳ್ಳುತ್ತೇನೆ, ಬೇರೆ ತಾತಂದಿರೆಲ್ಲ ಎತ್ತಿಕೊಳ್ಳುವ ಹಾಗೆ.

ನಿನ್ನ ಅಪ್ಪ